ಎರಡು ನಂಬರಿನ ಗಾಡಿ

ಬೆಳಕು ಹರಿಯುವ ಮುಂಚೆ ಅವಳು ಮಾಡಿ ಮುಗಿಸಬೇಕಾದ ಕೆಲಸಗಳು ಇವು. ನಲ್ಲಿ ನಿಲ್ಲುವ ಮೊದಲು ಡ್ರಮ್ಮು ತುಂಬಿಸಬೇಕು. ರಾತ್ರಿಯ ಪಾತ್ರೆ ತೊಳೆದು ಬೋರಲು ಹಾಕಬೇಕು. ಅತ್ತೆಯ ಕಣ್ಣಿಗೆ ಔಷಧಿ ಬಿಡಬೇಕು. ಬಿಟ್ಟ ಮೇಲೆ ಅವರು ಕಣ್ಣು ಮುಚ್ಚಿಕೊಂಡು ಹೇಳುವುದಕ್ಕೆಲ್ಲ ಹೂಂಗುಟ್ಟಬೇಕು. ಗಂಡನ ಡ್ರೈವರ್ ಅಂಗಿಗೆ ಇಸ್ತ್ರಿ ಹಾಕಬೇಕು, ಕಾಲರಿಗೆ ಎರಡೂ ಕಡೆಯಿಂದ. ಮಧ್ಯಾಹ್ನದ ಡಬ್ಬಿಗಳಿಗೆ ಬೇಯಿಸಬೇಕು. ಮಗಳನ್ನು ಒಂದು ಸಲ ಎಬ್ಬಿಸಬೇಕು, ಆಮೇಲೆ ನಿಜವಾಗಿ ಎಬ್ಬಿಸಬೇಕು. ಇಷ್ಟಕ್ಕೂ ಆ ಮನೆಯಲ್ಲಿ ಕೆಲಸ ಅಂತ ಹೆಸರಿಲ್ಲ. ಕೆಲಸ ಅಂತ ಕರೆಸಿಕೊಳ್ಳುವುದು ಆಮೇಲೆ ಶುರುವಾಗುತ್ತದೆ: ಹೊಲಿಗೆ ಮಿಷನ್ನಿಗೆ ಎಣ್ಣೆ, ಬಾಬಿನ್ನಿಗೆ ದಾರ, ರೆಕ್ಸಿನ್ ಕತ್ತರಿಗೆ ಸಾಣೆ.

ಬಸ್ಸು, ವ್ಯಾನು, ಆಟೋಗಳಿಗೆ ಸೀಟು ಹೊಲಿಯುವುದು ಅವಳ ಕಸುಬು. ಬೀದಿಯವರು ಸೀಟಕ್ಕ ಅನ್ನುತ್ತಾರೆ. "ಊರಿಗೆಲ್ಲ ಸೀಟು ಹೊಲೀತಾಳೆ, ತಾನು ಕೂರೋಕೆ ಮಾತ್ರ ಪುರುಸೊತ್ತಿಲ್ಲ" ಎನ್ನುವುದು ಅತ್ತೆಯ ಮಾತು. ಬಂದವರ ಎದುರಿಗೆಲ್ಲ ಹೇಳುತ್ತಾರೆ. ಹೊಗಳಿಕೆಯೋ ದೂರೋ ಎಂದು ಇವತ್ತಿನವರೆಗೂ ಯಾರಿಗೂ ತಿಳಿದಿಲ್ಲ.

ಆ ದಿನ ಇವುಗಳ ಜೊತೆಗೆ ಇನ್ನೊಂದು ಕೆಲಸ ಸೇರಿತ್ತು. ಅಂಗಳದಲ್ಲಿದ್ದ ಗಾಡಿಯನ್ನು ಒರೆಸಬೇಕಿತ್ತು. ವಾಹನ ನೋಂದಣಿ ಕಚೇರಿಯಲ್ಲಿ ಅದರ ತಪಾಸಣೆ ಇತ್ತು. ಅವಳು ಬಕೆಟ್ ಇಟ್ಟುಕೊಂಡು ಚಕ್ರದ ಸಂದುಗಳನ್ನು ತಿಕ್ಕುತ್ತಿದ್ದಾಗ ಅತ್ತೆ ಬಾಗಿಲಿಗೆ ಬಂದು ನಿಂತರು.

"ಅದನ್ನ ತಿಕ್ಕೋದರಲ್ಲಿ ಅರ್ಧ ನನ್ನ ಬೆನ್ನು ತಿಕ್ಕಿದ್ರೆ ಪುಣ್ಯ ಬರ್ತಿತ್ತು."

"ನಿಮ್ಮ ಬೆನ್ನಿಗೂ ಪೇಂಟ್ ಹೊಡೀಲಾ ಅತ್ತೆ? ಅರ್ಧ ಡಬ್ಬ ಉಳಿದಿದೆ."

"ಹೊಡಿ ಹೊಡಿ. ನನಗೂ ಒಂದು ನಂಬರ್ ಹಾಕಿಸಿಬಿಡು, ಎಲ್ಲಾದ್ರೂ ಕಳೆದುಹೋದ್ರೆ ತಂದು ಬಿಡ್ತಾರೆ."

ಆ ಗಾಡಿ, ಒಂದು ಹಳೆಯ ವ್ಯಾನು, ಮಾವನದ್ದಾಗಿತ್ತು. ಅವರು ಬದುಕಿರುವ ತನಕ ಅದರಲ್ಲಿ ಐಸ್ ಗಡ್ಡೆ ಸಾಗಿಸಿದರು. ಮೀನಿನ ಅಂಗಡಿಗೆ, ಆಸ್ಪತ್ರೆಗೆ, ಸಮಾರಂಭಗಳಿಗೆ. ಐಸಿನ ಗಾಡಿಗೆ ಆಯಸ್ಸು ಕಡಿಮೆ. ಕರಗಿದ ನೀರು ಮರದ ಹೊಟ್ಟಿನ ಜೊತೆ ಸೇರಿ ತಗಡಿನ ಮೂಲೆಗಳಲ್ಲಿ ಕೂತುಬಿಡುತ್ತದೆ. ಮಾವ ಹೋದ ಮೇಲೆ ಗಾಡಿ ಹಿತ್ತಿಲಲ್ಲಿ ನಿಂತಿತು. ಅದರ ಮೇಲೆ ಬಟ್ಟೆ ಒಣಗಿದವು, ಒಳಗೆ ಬೆಕ್ಕು ಮರಿ ಹಾಕಿತು. ಮನೆ ಇಬ್ಬರು ಗಂಡುಮಕ್ಕಳ ಹೆಸರಿಗಾದಾಗ ಗಾಡಿಯ ಸುದ್ದಿ ಯಾರೂ ಎತ್ತಲಿಲ್ಲ. ಎತ್ತಿದರೆ ಗುಜರಿಗೆ ಸಾಗಿಸುವ ಕೂಲಿ ತಮ್ಮ ತಲೆಗೆ ಬರುತ್ತದೆಂದು ಇಬ್ಬರಿಗೂ ಗೊತ್ತಿತ್ತು.

ಅವಳಿಗೆ ಆ ಗಾಡಿಯ ಮೇಲೆ ಕಣ್ಣು ಬಿದ್ದದ್ದಕ್ಕೆ ಕಾರಣ ಬೆನ್ನುನೋವು. ಸೀಟು ಹೊಲಿಯುವುದು ಸುಲಭ, ಹೊರುವುದು ಕಷ್ಟ. ಬಸ್ಸಿನವರು ಬಸ್ಸನ್ನು ಅವಳ ಹೊಲಿಗೆ ಶೆಡ್ಡಿನ ಮುಂದೆ ನಿಲ್ಲಿಸುವುದಿಲ್ಲ. ನಿಂತ ಬಸ್ಸು ದುಡಿಯುವುದಿಲ್ಲ. ಸೀಟುಗಳನ್ನು ಅಲ್ಲೇ ಬಿಚ್ಚಿ, ಕೈಗಾಡಿಯಲ್ಲಿ ತಂದು, ಹೊಲಿದು, ಮತ್ತೆ ಒಯ್ದು ಕೂರಿಸಬೇಕು. ನಡುವೆ ಮಧ್ಯಾಹ್ನ ಮನೆಗೆ ಓಡಿ ಅತ್ತೆಗೆ ಊಟ ಬಡಿಸಬೇಕು. ಸೀಟು ಮಿಷನ್ನಿನ ಹತ್ತಿರ ಬರುವ ಬದಲು ಮಿಷನ್ನೇ ಸೀಟಿನ ಹತ್ತಿರ ಹೋದರೆ? ಈ ಯೋಚನೆ ಅವಳಿಗೆ ಬಟ್ಟೆ ಒಣಹಾಕುವಾಗ ಬಂತು. ಒದ್ದೆ ಸೀರೆಯನ್ನು ಗಾಡಿಯ ಮೇಲೆ ಹರವಿದವಳು ಅದನ್ನು ಸರಿಸಿ ಒಳಗೆ ಇಣುಕಿದಳು.

"ಅತ್ತೆ, ಈ ಗಾಡಿ ನಾನು ತಗೊಳ್ಳಲಾ?"

"ತಗೋ ಮಾರಾಯ್ತಿ. ಹಿತ್ತಿಲು ಖಾಲಿಯಾಗಲಿ. ಐಸ್ ಅವರು ಸಾಗಿಸಿದ್ರು, ಅದರ ನೀರು ಒರೆಸಿದ್ದು ನಾನು. ದಿನಾ ಸಂಜೆ, ಬಸುರಿಯಾಗಿದ್ದಾಗಲೂ. ಅದನ್ನ ಕಂಡ್ರೆ ನನ್ನ ಮಂಡಿ ನೋಯುತ್ತೆ."

ವೆಲ್ಡಿಂಗ್ ಮಾಡುವವನನ್ನು ಕರೆದು ತೋರಿಸಿದಳು. ಅವನು ಹಿಂಭಾಗದ ತಗಡನ್ನು ಒತ್ತಿ ನೋಡಿದ. ಬೆರಳು ಒಳಗೆ ಹೋಯಿತು.

"ಅಕ್ಕಾ, ಇದು ತಗಡಲ್ಲ, ಜರಡಿ. ಮುಂದಿನ ಅರ್ಧ ಗಟ್ಟಿ ಇದೆ. ಹಿಂದಿನ ಅರ್ಧ ಬೇರೆ ಹುಡುಕಿ."

ಹಾಗೆ ಅವಳು ಗುಜರಿ ಅಂಗಡಿ ಹೊಕ್ಕಳು. ಅದೇ ಕಂಪನಿಯ, ಬೇರೆ ವರ್ಷದ ಒಂದು ಗಾಡಿ ಅಲ್ಲಿ ಮೂತಿ ಜಜ್ಜಿಕೊಂಡು ಬಿದ್ದಿತ್ತು. ಅದರ ಹಿಂಭಾಗವನ್ನು ತನ್ನ ಹೆಸರಿಗೆ ರಸೀದಿ ಹಾಕಿಸಿ ಅವಳೇ ಕೊಂಡಳು. ಮಾವನ ಗಾಡಿಯ ಕೊಳೆತ ಅರ್ಧವನ್ನು ಗುಜರಿಯವನು ತೆಗೆದುಕೊಳ್ಳಬೇಕಾದರೆ ಕಳವಿನದ್ದಲ್ಲ ಎಂಬುದಕ್ಕೆ ಬರಹ ಬೇಕೆಂದ. ಅತ್ತೆ, 'ಈ ಗಾಡಿಯ ಅವಶೇಷವನ್ನು ನನ್ನ ಸೊಸೆಗೆ ಕೊಟ್ಟಿದ್ದೇನೆ' ಎಂದು ಬರೆದ ಕಾಗದಕ್ಕೆ ರುಜು ಹಾಕಿ, ಪೆನ್ನಿನ ಮುಚ್ಚಳ ಹಾಕುತ್ತಾ, "ಇದೊಂದಾದ್ರೂ ನನ್ನ ರುಜುವಿಂದ ಆಯ್ತಲ್ಲ" ಅಂದರು. ಗುಜರಿಯವನು ನಕಲು ಇಟ್ಟುಕೊಂಡು ಕಾಗದ ಹಿಂದಿರುಗಿಸಿದ. ಎರಡು ಅರ್ಧಗಳನ್ನು ಸೇರಿಸಿ ಬೆಸುಗೆ ಹಾಕಿದ್ದು ವೆಲ್ಡಿಂಗಿನವನು. ಉಳಿದದ್ದೆಲ್ಲ ಅವಳು. ತುಕ್ಕು ಉಜ್ಜಿದಳು, ಬಣ್ಣ ಹೊಡೆದಳು, ಮಿಷನ್ನಿಗೆ ನೆಲದಲ್ಲಿ ಬೋಲ್ಟ್ ಕೂರಿಸಿದಳು, ಪಕ್ಕದ ಬಾಗಿಲಿಗೆ ಮಡಚುವ ಹಲಗೆ ಕಟ್ಟಿದಳು. ಹಲಗೆ ಬಿಚ್ಚಿದರೆ ರೆಕ್ಸಿನ್ ಹಾಸಿ ಕತ್ತರಿಸುವ ಮೇಜು. ಇಂಜಿನ್ನಿನ ಕೆಲಸವನ್ನು ಬಸ್ ಡಿಪೋದ ಮೆಕ್ಯಾನಿಕ್ಕಿನಿಂದ ಮಾಡಿಸಿಕೊಂಡು, ಬದಲಿಗೆ ಅವನ ಸ್ಕೂಟರಿಗೂ ಅವನ ಭಾವನ ಸ್ಕೂಟರಿಗೂ ಸೀಟು ಹೊಲಿದುಕೊಟ್ಟಳು. ಎಲ್ಲವೂ ಮಧ್ಯಾಹ್ನದ ಪಾತ್ರೆಗೂ ಸಂಜೆಯ ಒಲೆಗೂ ನಡುವೆ. ಮಗಳು ಹೈಸ್ಕೂಲು ಸೇರಿದಾಗ ಶುರುವಾದದ್ದು ಅವಳು ಹೈಸ್ಕೂಲು ಮುಗಿಸುವಾಗ ಮುಗಿಯಿತು.

ಗಾಡಿ ಏಳುವ ಮೊದಲೇ ಅವಳು ಲೈಸೆನ್ಸು ಮಾಡಿಸಿಕೊಂಡಾಗ ಅತ್ತೆ, "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ರಂತೆ" ಅಂದರು.

"ಹೊಲಿಯೋಳು ನಾನೇ ಅಲ್ವಾ ಅತ್ತೆ, ಕೂಲಿ ಉಳೀತು."

ಗಂಡ ಕೆಟ್ಟವನಲ್ಲ. ಇಡೀ ದಿನ ಸಿಟಿ ಬಸ್ಸಿನ ಸ್ಟೇರಿಂಗ್ ಹಿಡಿದು ಬಂದವನು ಮನೆಯಲ್ಲಿ ಟಿವಿಯ ರಿಮೋಟು ಮಾತ್ರ ಹಿಡಿಯುತ್ತಾನೆ. ಗಾಡಿ ತುಕ್ಕಾಗಿದ್ದಾಗ ಅವನ ಬಾಯಲ್ಲಿ ಅದು 'ನಿನ್ನ ತಗಡು' ಆಗಿತ್ತು. "ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಸುಮ್ನೆ ಅಂದಿಲ್ಲ" ಎಂದು ನಗುತ್ತಿದ್ದ. ಇಂಜಿನ್ ಮೊದಲ ಸಲ ಗುರುಗುಟ್ಟಿದ ದಿನ ಅದು 'ನಮ್ಮ ಗಾಡಿ' ಆಯಿತು. ಬಣ್ಣ ಬಿದ್ದು ಮಿಂಚಿದ ಮೇಲೆ 'ನಮ್ಮಪ್ಪನ ಗಾಡಿ' ಆಯಿತು. ಈ ಬದಲಾವಣೆಯನ್ನು ಅವನು ಗಮನಿಸಿರಲಿಲ್ಲ. ಅವಳು ಗಮನಿಸಿದ್ದಳು, ಒಳಗೇ ನಕ್ಕಿದ್ದಳು.

ನಗು ಸ್ವಲ್ಪ ಸಡಿಲವಾದದ್ದು ಮೈದುನ ಬಂದ ಭಾನುವಾರ. ಅವನಿಗೆ ನೀರಿನ ಕ್ಯಾನು ಸರಬರಾಜು ಮಾಡುವ ವ್ಯಾಪಾರ. ಗಾಡಿಯ ಸುತ್ತ ಒಂದು ಸುತ್ತು ಬಂದು, ಒಳಗೆ ಹತ್ತಿ, ಗೇಣು ಹಾಕಿ ಅಳತೆ ನೋಡಿದ.

"ಅತ್ತಿಗೆ, ಸೂಪರ್ ಆಗಿದೆ! ಈ ಮಿಷನ್ ಬಿಚ್ಚಿ ಇಟ್ರೆ ಏನು ಜಾಗ ಗೊತ್ತಾ? ಅಣ್ಣಾ, ವಾರದಲ್ಲಿ ಎರಡು ಮೂರು ದಿನ ನನಗಿರಲಿ. ಅಪ್ಪನ ಗಾಡಿ ತಾನೇ."

ಗಂಡ ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಗಟ್ಟಿಗ. "ಮೊದಲು ನಂಬರ್ ಬರಲಿ ಬಿಡೋ. ಬಂದ ಮೇಲೆ ಹೊಂದಿಸಿಕೊಂಡ್ರಾಯ್ತು" ಅಂದ.

ಅವಳು ಅಲ್ಲೇ ಟೀ ಹಿಡಿದು ನಿಂತಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ ಅಂತಲ್ಲ. ಟೀ ಇನ್ನೂ ಸ್ವಲ್ಪ ಇದೆಯಾ ಎಂದು ಕೇಳಿದರು.

ಅದಾದ ಮೇಲೆ ನೋಂದಣಿಯ ಓಡಾಟವನ್ನು ಗಂಡ ಉತ್ಸಾಹದಿಂದಲೇ ವಹಿಸಿಕೊಂಡ. ಮಾವನ ಹಳೆಯ ಗಾಡಿಯ ನೋಂದಣಿ ಎಂದೋ ಬಿದ್ದುಹೋಗಿತ್ತು. ವಾರಸುದಾರರು ಬಂದು ಕೇಳಿದರೆ ಮತ್ತೆ ಎಬ್ಬಿಸಿಕೊಡುತ್ತಾರೆ. ಅಣ್ಣ ತಮ್ಮ ಇಬ್ಬರ ಹೆಸರಿನ ಅರ್ಜಿ ಪ್ಲಾಸ್ಟಿಕ್ ಫೈಲಿನಲ್ಲಿ ಸಿದ್ಧವಾಯಿತು. ಗಾಡಿ ಓಡಲಿ, ಹೆಸರು ಯಾರದ್ದಾದರೇನು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಎರಡು ಸಲ ಹೇಳಿಕೊಂಡಳು. ಮಿಷನ್ನಿನ ಬೋಲ್ಟುಗಳು ನೆನಪಾಗಿ ಮೂರನೆಯ ಸಲ ಹೇಳಿಕೊಳ್ಳಲಾಗಲಿಲ್ಲ. ವಾರಕ್ಕೆ ಮೂರು ದಿನ ಬಿಚ್ಚಿ ಕೂರಿಸುವ ಮಿಷನ್ನು ನೇರ ಹೊಲಿಯುವುದಿಲ್ಲ.

ನೋಂದಣಿ ಕಚೇರಿಯ ಹಿಂದಿನ ಬಯಲಿನಲ್ಲಿ ತಪಾಸಣೆ. ಗಂಡನೂ ಜೊತೆಗೆ ಬಂದಿದ್ದ; ಅವನಿಗೆ ಮಧ್ಯಾಹ್ನದ ಪಾಳಿ. ತಪಾಸಣೆಯ ಅಧಿಕಾರಿ ಸೊಂಟಕ್ಕೆ ಅಗಲವಾದ ಬೆಲ್ಟು ಬಿಗಿದುಕೊಂಡ ವಯಸ್ಸಾದ ಮನುಷ್ಯ. ಪ್ರತಿ ಗಾಡಿಯ ಕೆಳಗೂ ಬಗ್ಗಿ ಏಳುವಾಗ ನರಳುತ್ತಿದ್ದ. ಇವಳ ಗಾಡಿಯ ಡ್ರೈವರ್ ಸೀಟಿನಲ್ಲಿ ಕೂತವನು ಏಳುವುದಕ್ಕೆ ಅವಸರ ಮಾಡಲಿಲ್ಲ.

"ಯಾರು ಹೊಲಿದದ್ದು ಇದು? ಸೊಂಟಕ್ಕೆ ಯಾರೋ ಕೈ ಕೊಟ್ಟ ಹಾಗಿದೆ."

"ನಾನೇ ಸಾರ್."

"ಚೆನ್ನಾಗಿದೆ ಅಮ್ಮಾ. ಸರಿ, ಚಾಸಿ ನಂಬರ್ ತೋರಿಸಿ."

ಅವಳ ಕಣ್ಣು ಡ್ರೈವರ್ ಬಾಗಿಲಿನ ಕಡೆ ಹೋಯಿತು. ನಂಬರನ್ನು ಅದರ ಪಕ್ಕದ ಕಬ್ಬಿಣದ ಪಟ್ಟಿಯ ಮೇಲೆ ಒತ್ತಿದ್ದರು. ಆದರೆ ಬರಿಯ ಕಬ್ಬಿಣ ಬಿಸಿಲಿಗೆ ಕಾದು ತೊಡೆ ಸುಡುತ್ತದೆಂದು ಅವಳು ಸ್ಪಂಜು ಇಟ್ಟು ರೆಕ್ಸಿನ್ ಎಳೆದು ಹೊಲಿದಿದ್ದಳು. ಒಳಗಿನ ಒಂದಂಗುಲ ಕಬ್ಬಿಣವೂ ಕಾಣದ ಹಾಗೆ ಇಡೀ ಗಾಡಿಗೆ ಒಳಅಂಗಿ ತೊಡಿಸಿದ್ದಳು. ಅದರ ಬಗ್ಗೆ ಅವಳಿಗೆ ಹೆಮ್ಮೆಯೂ ಇತ್ತು.

ಗಂಡ ಹಣೆ ಚಚ್ಚಿಕೊಂಡ. "ನಂಬರ್ ಹಾಕಿಸೋಕೆ ಬಂದು ನಂಬರನ್ನೇ ಹೊಲಿದುಬಿಟ್ಟಿದೀಯಲ್ಲೇ! ಪುಣ್ಯಕ್ಕೆ ನನ್ನ ಮುಖ ಬಿಟ್ಟಿದೀಯ."

"ನೀವು ಒಂದು ಕಡೆ ಸುಮ್ನೆ ಕೂತಿದ್ರೆ ಅದನ್ನೂ ಹೊಲೀತಿದ್ದೆ ರೀ."

ಅಧಿಕಾರಿ ಬೆಲ್ಟು ಹಿಡಿದುಕೊಂಡು ನಕ್ಕ. ಅವಳು ಸೊಂಟದ ಚೀಲದಿಂದ ಬ್ಲೇಡು ತೆಗೆದು ಹೊಲಿಗೆ ಬಿಚ್ಚಿದಳು. ಮತ್ತೆ ಹೊಲಿಯಲು ಬರುವಂತೆ, ಬಟ್ಟೆ ಹರಿಯದಂತೆ, ಒಂದೊಂದೇ ದಾರ. ನಂಬರು ಬಂತು. ಅದರ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದರು. ಮಾವನ ಗಾಡಿಯ ನಂಬರಿಗೆ ತಾಳೆಯಾಯಿತು.

"ಇನ್ನೇನು, ಮುಗೀತು" ಎಂದ ಗಂಡ ಗಡಿಯಾರ ನೋಡಿಕೊಂಡ. "ಬೆಸುಗೆ ಒಂದು ನೋಡ್ತಾರಂತೆ. ಫೈಲು ಇಲ್ಲಿದೆ. ನಾನು ಡಿಪೋಗೆ ಹೊರಟೆ. ಆದ ತಕ್ಷಣ ಫೋನ್ ಮಾಡು."

ಅವನು ಹೋದ ಮೇಲೆ ಬೆಸುಗೆ ಕಾಣುವಂತೆ ಹಿಂದಿನ ಚಕ್ರದ ಗೂಡಿನ ಮೇಲಿನ ಹೊಲಿಗೆಯನ್ನೂ ಬಿಚ್ಚಬೇಕಾಯಿತು. ಸ್ಪಂಜು ಎತ್ತಿದರೆ ಬಣ್ಣದ ಕೆಳಗೆ ಇನ್ನೊಂದು ಸಾಲು ಅಂಕಿಗಳು. ಗುಜರಿಯಲ್ಲಿ ಕೊಂಡ ಗಾಡಿಯ ವರ್ಷದಲ್ಲಿ ಚಾಸಿ ನಂಬರನ್ನು ಹಿಂದೆ ಒತ್ತುತ್ತಿದ್ದರಂತೆ. ಅವಳು ಹಿಂದೊಮ್ಮೆ ಅದನ್ನು ನೋಡಿದ್ದಳು, ಬಿಡಿಭಾಗದ ನಂಬರ್ ಇರಬೇಕು ಅಂದುಕೊಂಡು ಮೇಲೆ ಮೆತ್ತೆ ಹಾಕಿದ್ದಳು.

ಅಧಿಕಾರಿ ಕನ್ನಡಕ ಏರಿಸಿದ. "ಒಂದು ಗಾಡಿ, ಎರಡು ನಂಬರ್. ಇದು ಯಾವುದಮ್ಮಾ?"

ಅವಳು ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಗುಜರಿಯ ರಸೀದಿ, ಅತ್ತೆಯ ಕಾಗದ ಎರಡನ್ನೂ ತೋರಿಸಿದಳು. ಅವನು ಓದಿ, ನೆರಳಿದ್ದ ಕಡೆ ಕಲ್ಲುಬೆಂಚಿನ ಮೇಲೆ ಮೆಲ್ಲನೆ ಕೂತ.

"ಗಾಬರಿ ಬೇಡ. ಕಳ್ಳ ಮಾಲಲ್ಲ, ಅದು ಗೊತ್ತಾಯ್ತು. ಬೆಸುಗೆನೂ ಗಟ್ಟಿ ಇದೆ. ಆದರೆ ಎರಡು ನಂಬರ್ ಇಟ್ಟುಕೊಂಡು ರಸ್ತೆಗೆ ಬಿಡೋಕಾಗಲ್ಲ. ಎರಡು ದಾರಿ ಇದೆ. ಮುಂದಿನ ನಂಬರ್ ಉಳಿಸಿಕೊಂಡು ಹಿಂದಿನದನ್ನ ಉಜ್ಜಿ ಹಾಕಿದ್ರೆ, ಇದು ನಿಮ್ಮ ಮಾವನ ಗಾಡಿ, ಹಿಂಭಾಗ ರಿಪೇರಿ ಆಗಿದೆ ಅಂತ ಬರೀತೀವಿ. ಈ ಫೈಲಲ್ಲಿರೋ ಹಾಗೆ ಅಣ್ಣತಮ್ಮಂದಿರ ಹೆಸರಿಗೆ ಆಗುತ್ತೆ. ಇವತ್ತೇ ಓಡಿಸಿಕೊಂಡು ಹೋಗಬಹುದು."

"ಇನ್ನೊಂದು, ಸಾರ್?"

"ಎರಡೂ ನಂಬರ್ ರದ್ದು ಮಾಡಿ ಹೊಸದು ಒತ್ತೋದು. ಆಗ ಇದು ಮನೇಲಿ ಕಟ್ಟಿದ ಗಾಡಿ. ಮಾಲೀಕರು ಅಂತ ಕಟ್ಟಿದವರ ಹೆಸರು. ತಯಾರಕರು ಅಂತ ಒಂದು ಕಾಲಂ ಇರುತ್ತಲ್ಲ, ಬೇರೆ ಗಾಡಿಗಳಿಗೆ ಅಲ್ಲಿ ಕಂಪನಿ ಹೆಸರು ಬರೀತೀವಿ, ಇದಕ್ಕೆ ಅಲ್ಲೂ ನಿಮ್ಮ ಹೆಸರೇ. ನಿಮ್ಮತ್ತೆ ಬರೆದುಕೊಟ್ಟಿದ್ದಾರೆ, ರಸೀದಿ ನಿಮ್ಮ ಹೆಸರಲ್ಲಿದೆ, ಅಡ್ಡಿ ಇಲ್ಲ. ಆದರೆ ಬ್ರೇಕು, ತೂಕ, ಬೆಸುಗೆ ಎಲ್ಲಾ ಮೊದಲಿಂದ ಪರೀಕ್ಷೆ ಆಗಬೇಕು. ಅಲ್ಲಿ ತನಕ ಗಾಡಿ ಇಲ್ಲೇ ಬಯಲಲ್ಲಿ. ಒಂದು ತಿಂಗಳೂ ಆಗಬಹುದು, ಜಾಸ್ತಿನೂ ಆಗಬಹುದು." ಅವನು ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡ. "ನಾನು ಊಟ ಮಾಡಿ ಬರ್ತೀನಿ. ಯೋಚನೆ ಮಾಡಿ. ಮನೆಯವರನ್ನೂ ಕೇಳಿ."

ಅವಳು ಗಾಡಿಯೊಳಗೆ ಮಿಷನ್ನಿನ ಮುಂದಿನ ಸ್ಟೂಲಿನ ಮೇಲೆ ಕೂತಳು. ಬಯಲು ಖಾಲಿಯಾಗಿತ್ತು. ಸಾಲಾಗಿ ನಿಂತ ಲಾರಿಗಳ ಕೆಳಗೆ ನಾಯಿಗಳು ಮಲಗಿದ್ದವು. ಮನೆಯಲ್ಲಿ ಅತ್ತೆಗೆ ಮಗಳು ಊಟ ಬಡಿಸುತ್ತಿರುತ್ತಾಳೆ. ಹಾಗಾಗಿ ಈ ಹೊತ್ತಿನಲ್ಲಿ ತಾನು ಎಲ್ಲಿಗೂ ಓಡಬೇಕಾಗಿಲ್ಲ ಎಂಬುದು ಅವಳಿಗೆ ವಿಚಿತ್ರವಾಗಿ ಹಿತವಾಯಿತು.

ಗಾಡಿ ಬೇಗ ಕೈಗೆ ಬರಲೆಂಬ ಅವಸರಕ್ಕೆ ಕಾರಣವಿತ್ತು. ಒಂದು ಶಾಲೆಯ ಬಸ್ಸುಗಳ ಸೀಟೆಲ್ಲ ರಜೆ ಮುಗಿಯುವುದರೊಳಗೆ ಹೊಲಿದುಕೊಡುತ್ತೇನೆಂದು ಅವಳು ಒಪ್ಪಿಕೊಂಡಿದ್ದಳು. ಇಷ್ಟು ದೊಡ್ಡ ಕೆಲಸ ಹಿಂದೆ ಸಿಕ್ಕಿರಲಿಲ್ಲ. ಗಾಡಿಯನ್ನು ಶಾಲೆಯ ಅಂಗಳದಲ್ಲೇ ನಿಲ್ಲಿಸಿ ಹೊಲಿಯುವ ಧೈರ್ಯದ ಮೇಲೆಯೇ ಒಪ್ಪಿದ್ದು. ಮುಂದಿನ ನಂಬರ್ ಉಳಿಸಿಕೊಂಡರೆ ನಾಳೆಯೇ ಹೋಗಬಹುದು. ಆ ಕೆಲಸ ಮುಗಿದ ಮೇಲೆ ಮೈದುನ ಬರುತ್ತಾನೆ. ಬಾ ಅನ್ನದಿದ್ದರೂ ಬರುತ್ತಾನೆ, ಅವನ ಹೆಸರೂ ಇರುತ್ತದಲ್ಲ. ಕ್ಯಾನುಗಳು ಬರುತ್ತವೆ, ಮಿಷನ್ನು ಕೆಳಗಿಳಿಯುತ್ತದೆ, ಕ್ಯಾನಿನ ನೀರು ನೆಲಕ್ಕೆ ಚೆಲ್ಲುತ್ತದೆ. ಸಂಜೆ ಬಟ್ಟೆ ಹಿಡಿದು ಒರೆಸುವವರು ಯಾರು? ಜಗಳವಾಗುವುದಿಲ್ಲ. ಯಾರೂ ದನಿ ಎತ್ತರಿಸುವುದಿಲ್ಲ. ಎಲ್ಲರೂ ನಗುನಗುತ್ತಲೇ ಹೊಂದಿಸಿಕೊಳ್ಳುತ್ತಾರೆ, ಮತ್ತು ಹೊಂದಿಕೊಳ್ಳುವವಳು ತಾನೊಬ್ಬಳೇ ಆಗಿರುತ್ತಾಳೆ.

ಇನ್ನೊಂದು ದಾರಿಯಲ್ಲಿ ಶಾಲೆಯ ಸೀಟುಗಳನ್ನು ಹಳೆಯ ಹಾಗೆಯೇ ಬಿಚ್ಚಿ, ಕೈಗಾಡಿಯಲ್ಲಿ ತಂದು, ಹೊತ್ತು ಹಾಕಬೇಕು. ಮಿಷನ್ನನ್ನು ಇವತ್ತೇ ಬಿಚ್ಚಿ ಆಟೋದಲ್ಲಿ ಶೆಡ್ಡಿಗೆ ಸಾಗಿಸಬೇಕು. ಬೆನ್ನು ಹೋಗುತ್ತದೆ. ಗಂಡನ ಮುಖ ಸಪ್ಪಗಾಗುತ್ತದೆ. ತನಗೆ ಹೇಳದೆ ಮಾಡಿದಳಲ್ಲ ಎಂದು ನಾಲ್ಕು ದಿನ ಡಬ್ಬಿಯನ್ನು ಅರ್ಧ ಉಳಿಸಿಕೊಂಡು ಬರುತ್ತಾನೆ. ಮೈದುನ ಅತ್ತಿಗೆ ಅನ್ನುವುದನ್ನು ನಿಲ್ಲಿಸುವುದಿಲ್ಲ, ಆದರೆ ಆ ಪದವನ್ನು ಹಲ್ಲು ಕಚ್ಚಿ ಅನ್ನುತ್ತಾನೆ.

ಫೋನು ಹೊಡೆದುಕೊಂಡಿತು. ಗಂಡ.

"ಆಯ್ತಾ? ನಂಬರ್ ಬಂತಾ?"

"ಸಾಹೇಬ್ರು ಊಟಕ್ಕೆ ಹೋಗಿದ್ದಾರೆ ರೀ."

"ಬೆಸುಗೆಗೆ ಏನಾದ್ರೂ ತಕರಾರು ತೆಗೆದ್ರಾ?"

"ಬೆಸುಗೆ ಗಟ್ಟಿ ಇದೆ ಅಂದ್ರು."

"ಮತ್ತೇನು! ತಮ್ಮ ಎರಡು ಸಲ ಫೋನ್ ಮಾಡಿದ್ದ. ಬರ್ತಾ ಅವನ ಗೋಡೌನ್ ಹತ್ರ ಹಾಯ್ದು ಬಾ, ನೋಡ್ತಾನಂತೆ. ಸರಿ, ಬಸ್ ಹೊರಡ್ತಿದೆ." ಫೋನು ಕಟ್ಟಾಯಿತು.

ಎರಡು ನಂಬರಿನ ವಿಷಯ ಹೇಳಬಹುದಿತ್ತು. ಹೇಳಿದ್ದರೆ ಅವನು ಒಂದು ಕ್ಷಣವೂ ಯೋಚಿಸದೆ ಸುಲಭದ ದಾರಿ ಹೇಳಿ, ತಾನು ಸಹಾಯ ಮಾಡಿದೆನೆಂದು ಸಂತೋಷದಿಂದ ಬಸ್ಸು ಹತ್ತುತ್ತಿದ್ದ. ಅವಳು ಫೋನನ್ನು ಚೀಲದೊಳಗಿಟ್ಟು ಜಿಪ್ ಎಳೆದಳು. ಪಾನೆ ತೆಗೆದು ಮಿಷನ್ನಿನ ಮೊದಲನೆಯ ಬೋಲ್ಟಿಗೆ ಹಾಕಿದಳು. ತಾನೇ ಬಿಗಿದದ್ದು, ಬೇಗ ಜಗ್ಗಲಿಲ್ಲ. ಇನ್ನೊಂದು ಸಲ ತಿರುಗಿಸಿದಾಗ ಸಡಿಲವಾಯಿತು.

ಅಧಿಕಾರಿ ಕೈ ಒರೆಸಿಕೊಳ್ಳುತ್ತಾ ಬಂದು ತನ್ನ ಮೇಜಿನ ಮುಂದೆ ಕೂರುವ ಹೊತ್ತಿಗೆ ಅವಳು ಅಲ್ಲಿ ನಿಂತಿದ್ದಳು. ಪ್ಲಾಸ್ಟಿಕ್ ಫೈಲಿನಿಂದ ಅತ್ತೆಯ ಕಾಗದವನ್ನೂ ರಸೀದಿಯನ್ನೂ ಮಾತ್ರ ಹೊರತೆಗೆದು ಅವನ ಮುಂದಿಟ್ಟಳು.

"ಹೊಸ ನಂಬರ್ ಹಾಕಿ ಸಾರ್. ಆ ಎರಡೂ ಬೇಡ."

"ಗಾಡಿ ಇಲ್ಲೇ ಉಳಿಯುತ್ತಮ್ಮಾ. ಮಳೆ ಬಿಸಿಲು ನಾವು ನೋಡ್ಕೊಳ್ಳೋಕಾಗಲ್ಲ."

"ಟಾರ್ಪಾಲು ಹೊಲಿದು ತಂದು ಹೊದಿಸ್ತೀನಿ."

ಅವನು ಹೊಸ ಅರ್ಜಿಯೊಂದನ್ನು ಎಳೆದುಕೊಂಡು ಪೆನ್ನು ಬಿಚ್ಚಿದ. "ಮನೇಲಿ ಕೇಳಿದ್ರಾ?"

"ಸಂಜೆ ಹೇಳ್ತೀನಿ ಸಾರ್" ಎಂದು ಅವಳು ಗಾಡಿಯ ಕೀಲಿಕೈಯನ್ನು ಅವನ ಮೇಜಿನ ಮೇಲಿಟ್ಟಳು.